ಎಳೆಯ ತುದಿ

ಗೌರಿಬಿದನೂರಿನಿಂದ ಬಂದಿದ್ದ ಉಪದೇಶಕರು
ಮೂರು ದಿನದ ಕೂಟ ಮುಗಿಸಿ ಹೊರಡುವಾಗ
ಒಂದು ಕಟ್ಟು ಹಾಳೆ ಬಿಟ್ಟುಹೋದರು.
ಆತ್ಮನ ವರಗಳ ಪಟ್ಟಿ, ಎದುರಿಗೆ ಖಾಲಿ ಚೌಕ.
ಎಲ್ಲರ ಹೆಸರು ಬರೆದು ಗುರುತು ಹಾಕಿಸುವ ಕೆಲಸ ನನಗೇ ಬಂತು,
ಸಭೆಯ ಲೆಕ್ಕ ಬರೆಯುವವನು ನಾನಲ್ಲವೇ.

ಬೋಧನೆಗೆ ನಾಲ್ಕು ಮಂದಿ. ಪ್ರವಾದನೆಗೆ ಇಬ್ಬರು,
ಆ ಇಬ್ಬರಿಗೂ ಒಬ್ಬರೊಡನೊಬ್ಬರಿಗೆ ಮಾತಿಲ್ಲ.
ವಾಣಿಗಳನ್ನಾಡುವ ವರಕ್ಕೆ ಯೌವನಸ್ಥರ ಸಂಘವೇ ಎದ್ದು ನಿಂತಿತು.
ವಾಣಿಗಳ ಅರ್ಥ ಹೇಳುವ ಸಾಲು ಮಾತ್ರ ಹಾಗೇ ಉಳಿಯಿತು.
ನಾನು ಆಡಳಿತಕ್ಕೆ ಗುರುತು ಹಾಕಿಕೊಂಡೆ,
ಪೆನ್ನು ಹೇಗೂ ನನ್ನ ಕೈಯಲ್ಲೇ ಇತ್ತು.

ಕೊನೆಯ ಬೆಂಚಿನ ಸುವಾರ್ತಮ್ಮ ಹಾಳೆಯನ್ನು ಹಿಂದಕ್ಕೆ ಕೊಟ್ಟಳು.
"ನಂಗ್ಯಾವ್ದೂ ಇಲ್ಲ ಬುಡಪ್ಪ.
ಗೂಡಲ್ಲಿ ಎಳೆ ಎತ್ತೋದೊಂದ್ ಗೊತ್ತು,
ಅದು ಇದ್ರಾಗೆ ಬರ್ದಿಲ್ಲ."

ಶಿಡ್ಲಘಟ್ಟದ ಫಿಲೇಚರಿನಲ್ಲಿ ಮೂವತ್ತೊಂದು ವರ್ಷ
ಕುದಿನೀರಿನ ಬಾನಿಯ ಮುಂದೆ ನೂಲು ಬಿಚ್ಚಿದವಳು.
ಬೆಂದ ಗೂಡುಗಳು ಒಂದನ್ನೊಂದು ತಳ್ಳುವ ಆ ಹಳದಿ ನೀರಿನಲ್ಲಿ
ಕಣ್ಣಿಗೆ ಕಾಣದ ತುದಿ ಎಲ್ಲೋ ತೇಲುತ್ತಿರುತ್ತದೆ.
ಕಿತ್ತರೆ ಹರಿಯುತ್ತದೆ.
ಕಾದರೆ ತಾನೇ ಬಂದು ಬೆರಳಿಗೆ ಅಂಟುತ್ತದೆ.
ಅವಳ ಬೆರಳುಗಳಲ್ಲಿ ಈಗ ಗೆರೆಯೇ ಇಲ್ಲ,
ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸುವುದಿಲ್ಲ.

ಅದೇ ತಿಂಗಳು ಮಾಲೀಕರು ದಾದಾಪೀರ್ ಸಾಬರಿಗೆ ಲಕ್ವ ಹೊಡೆಯಿತು.
ಬಲಗೈ ಹೋಯಿತು. ಮಾತು ಉಳಿಯಿತು,
ಆದರೆ ಯಾರ ಮಾತೂ ಅಲ್ಲದ ಮಾತು:
ಗುಬ್ಬ, ಗುಬ್ಬ, ತೀರೆ, ಲಾ.
ಉರ್ದುವಲ್ಲ, ಕನ್ನಡವಲ್ಲ, ತೆಲುಗೂ ಅಲ್ಲ.
ಮನೆಯವರು ನೀರು ಕೊಟ್ಟರು, ದಿಂಬು ಸರಿಸಿದರು,
ಕೊನೆಗೆ ಟಿವಿ ಹಾಕಿದರು.
ಅವರು ಅತ್ತರು. ಮಗ ಬಾಗಿಲಾಚೆ ನಿಂತು ಅತ್ತ.

ಸುವಾರ್ತಮ್ಮ ದಿನಾ ಸಂಜೆ ಹೋಗಿ
ಮಂಚದ ಬಳಿ ಕುಕ್ಕರುಗಾಲಲ್ಲಿ ಕೂತಳು,
ಬಾನಿಯ ಮುಂದೆ ಕೂತ ಹಾಗೆ.
ಏನೂ ಕೇಳಲಿಲ್ಲ.
ಒಂಬತ್ತನೆಯ ದಿನ ಹೇಳಿದಳಂತೆ:
"ತೀರೆ ಅಂದ್ರೆ ಕಿಟಕಿ. ತೆಗೀರಿ, ಉಸಿರು ಕಟ್ತದೆ ಅವ್ರಿಗೆ."
ಆಮೇಲೊಂದು ದಿನ:
"ಲಾ ಅಂದ್ರೆ ಚಿಕ್ಕ ಮೊಮ್ಮಗಳು. ಕರ್ಕೊಂಡ್ ಬನ್ನಿ."
ಮಗು ಬಂತು. ಮುದುಕರು ಅರ್ಧ ಮುಖದಲ್ಲಿ ನಕ್ಕರು.

ಗುಬ್ಬ ಮಾತ್ರ ಬಿಚ್ಚಲಿಲ್ಲ.

ಒಂದು ಸಂಜೆ ನಾನೂ ಇದ್ದೆ.
ಸಭೆಯ ಪರವಾಗಿ ಹಣ್ಣು ಒಯ್ದಿದ್ದೆ, ರಸೀದಿ ಜೇಬಿನಲ್ಲಿತ್ತು.
ಸಾಬರು ಎಡಗೈ ಚಾಚಿ
ಅವಳ ಮೊಣಕೈಯ ಸುಟ್ಟ ಕಲೆ ಮುಟ್ಟಿದರು.
ಬಾನಿ ಮಗುಚಿದ ವರ್ಷದ ಕಲೆ,
ಆಸ್ಪತ್ರೆಯಲ್ಲಿದ್ದ ಹದಿಮೂರು ದಿನದ ಕೂಲಿ ಹಿಡಿದುಕೊಂಡ ವರ್ಷದ್ದು.
ಗುಬ್ಬ, ಎಂದರು. ಗುಬ್ಬ. ಗುಬ್ಬ.

ಅವಳ ಮುಖದಲ್ಲಿ ರಾಟೆಯೊಂದು
ಎರಡು ಸುತ್ತು ಹಿಂದಕ್ಕೆ ತಿರುಗಿ ನಿಂತಿತು.
"ಏನಂತಾರೆ ಅಮ್ಮ?" ಮಗ ಕೇಳಿದ.
ಅವಳು ಆ ಕೈಯ ಮೇಲೆ ತನ್ನ ಗೆರೆಯಿಲ್ಲದ ಬೆರಳಿಟ್ಟು
"ಟೀ ಬೇಕಂತೆ. ಸಕ್ಕರೆ ವಸಿ ಜಾಸ್ತಿ ಹಾಕ್ಸಿ" ಎಂದಳು.
ಅವನು ಅತ್ತ ಹೋದ ಮೇಲೆ ಬಗ್ಗಿ, ಅವರಿಗಷ್ಟೇ ಕೇಳುವಂತೆ,
"ಆಯ್ತು ಸಾಬ್ರೆ. ಅದು ಯಾವತ್ತೋ ಆಯ್ತು."
ನಾನು ಕೇಳಿಸಿಕೊಳ್ಳಬಾರದಿತ್ತು.
ಟೀ ಬಂತು. ಊದಿ ಊದಿ ಅವಳೇ ಕುಡಿಸಿದಳು.

ಭಾನುವಾರ ಹಾಳೆಗಳನ್ನು ಗೌರಿಬಿದನೂರಿಗೆ ಕಳಿಸಬೇಕಿತ್ತು.
ಆ ಖಾಲಿ ಸಾಲಿನಲ್ಲಿ ಹೆಸರು ಬರೆಯಲು ಪೆನ್ನು ತೆಗೆದವನು
ಹಾಗೇ ಕೂತೆ.
ಅವಳ ನೆರಳು ಹಾಳೆಯ ಮೇಲೆ ಬಿತ್ತು,
ಕೂದಲಲ್ಲಿ ಬೆಂದ ಹುಳುವಿನ ಆ ನಾತ,
ಅದಕ್ಕೇ ಅಲ್ಲವೇ ನಾವು ಅವಳಿಗೆ ಕೊನೆಯ ಬೆಂಚು ಬಿಟ್ಟಿದ್ದು.
"ಬರ್ತೀಯೇನಪ್ಪ ಸಾಬ್ರ ಮನೆಗೆ?
ಅವ್ರ್ನ ಮಗ್ಗುಲು ತಿರುಗ್ಸೋಕೆ
ಒಂದ್ ಕೈ ಕಮ್ಮಿ ಬೀಳ್ತಾ ಐತೆ."